ಸ್ಥಾನ ಊಹಿಸಬೇಡಿ, ಸ್ಟ್ರೀಮ್ ಊಹಿಸಿ

ಮುಂಬೈ ಕಡೆಯ ಡೊಂಬಿವ್ಲಿಯಿಂದ ಪುಣೆಯ ಹಿಂಜವಡಿವರೆಗೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಗುರುವಾರ ರಾತ್ರಿಯ ಪಂಥ ಒಂದೇ: ನಾಳೆ ಬರುವ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾಗುವ ಹಾಡು) ಚಾರ್ಟಿನಲ್ಲಿ ಎಷ್ಟನೇ ಸ್ಥಾನಕ್ಕೆ ಹೋಗುತ್ತದೆ? ತೊಡಕಿರುವುದು ಪ್ರಶ್ನೆಯಲ್ಲೇ. ಬೆಳಗಿನ ಲೋಕಲ್ ರೈಲಿನಲ್ಲಿ ಸೀಟು ಸಿಗುವುದು ನಿಮ್ಮ ಬಲದಿಂದಲ್ಲ, ಠಾಣೆ ನಿಲ್ದಾಣದಲ್ಲಿ ಎಷ್ಟು ಜನ ಇಳಿದರು ಎಂಬುದರಿಂದ. ಚಾರ್ಟಿನ ಸ್ಥಾನವೂ ಹಾಗೆ, ಅರ್ಧ ಲೆಕ್ಕ ಬೇರೆ ಹಾಡುಗಳದ್ದು. 2022ರ ನವೆಂಬರ್ 5ರ ಬಿಲ್‌ಬೋರ್ಡ್ ಹಾಟ್ 100ರಲ್ಲಿ (ಅಮೆರಿಕದ ವಾರದ ಹಾಡುಪಟ್ಟಿ) ಮೊದಲ ಹತ್ತೂ ಸ್ಥಾನ ಟೇಲರ್ ಸ್ವಿಫ್ಟ್ ಪಾಲಾಗಿದ್ದವು. ಆ ವಾರ ಬೇರೆ ಯಾರ ಹಾಡು ಎಷ್ಟೇ ಚೆನ್ನಾಗಿದ್ದರೂ ಹನ್ನೊಂದಕ್ಕಿಂತ ಮೇಲೇರಲು ದಾರಿಯೇ ಇರಲಿಲ್ಲ. ಹಾಗಾಗಿ ಮೊದಲು ಸ್ಟ್ರೀಮ್ ಸಂಖ್ಯೆ, ಅಂದರೆ ಆ್ಯಪ್‌ನಲ್ಲಿ ಹಾಡನ್ನು ಎಷ್ಟು ಸಲ ಕೇಳುತ್ತಾರೆ ಎಂಬುದನ್ನು ಊಹಿಸಿ, ಆಮೇಲೆ ಅದು ಎಲ್ಲಿ ಕೂರುತ್ತದೆ ನೋಡಿ.

ಪಂಥ ಕಟ್ಟುವ ಮುಂಚೆ ಯಾವ ಚಾರ್ಟ್ ಎಂದು ಬರೆದುಕೊಳ್ಳಿ. ಹಾಟ್ 100ರಲ್ಲಿ ಅಮೆರಿಕದ ಸ್ಟ್ರೀಮ್, ರೇಡಿಯೊ, ಮಾರಾಟ ಮೂರೂ ಸೇರುತ್ತವೆ. ರೇಡಿಯೊ ನಿಧಾನ, ವಾರಗಳ ಮೇಲೆ ಏರುತ್ತದೆ. ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಎಂಬ ಸಂಗೀತ ಕಂಪನಿಗಳ ಸಂಘ 2021ರ ಜೂನ್‌ನಲ್ಲಿ ಶುರುಮಾಡಿದ ಟಾಪ್ 20 ಪಟ್ಟಿ ವಿದೇಶಿ ಹಾಡುಗಳಿಗೆ ಮಾತ್ರ. ಸ್ಪಾಟಿಫೈ ಇಂಡಿಯಾದ ದಿನದ 200ರಲ್ಲಿ ಹಿಂದಿ, ಪಂಜಾಬಿ, ತಮಿಳು ಸಿನಿಮಾ ಹಾಡುಗಳ ಜೊತೆ ಜಾಗಕ್ಕೆ ಗುದ್ದಾಡಬೇಕು. ಒಂದೇ ಇಂಗ್ಲಿಷ್ ಸಿಂಗಲ್ ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕಾಣದೇ ಹೋಗಬಹುದು. ಇದು ಹೊಸ ಮಾತೇನಲ್ಲ. 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಶುರುವಾದ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾದ ಕಾಲದಲ್ಲೂ ಹಾಡಿನ ಪಾಯ್‌ದಾನ್ (ಸ್ಥಾನ) ನಿರ್ಧರಿಸುತ್ತಿದ್ದುದು ರೆಕಾರ್ಡ್ ಮಾರಾಟ ಮತ್ತು ಶ್ರೋತೃ ಸಂಘಗಳ ಪತ್ರಗಳು. ಏನನ್ನು ಎಣಿಸುತ್ತಾರೆ ಎಂಬುದು ತಿಳಿಯದೆ ಊಹೆಗೆ ಬುಡವಿಲ್ಲ.

ಮುಂದಿನ ಲೆಕ್ಕವೆಲ್ಲ ಸ್ಪಾಟಿಫೈ ಇಂಡಿಯಾದ ದಿನದ ಪಟ್ಟಿಗೆ. ಹಿಂದಿನ ದಿನದ ಪಟ್ಟಿಯಲ್ಲಿ 1, 10, 50, 100, 200ನೇ ಸ್ಥಾನಗಳ ಸ್ಟ್ರೀಮ್ ಸಂಖ್ಯೆ ಗುರುತು ಹಾಕಿಕೊಳ್ಳಿ. ಮೇಲಿನ ಸ್ಥಾನಗಳ ನಡುವೆ ಅಂತರ ದೊಡ್ಡದು, ಕೆಳಗೆ ಕೂದಲೆಳೆಯಷ್ಟು. ಮೊದಲ ಐದರಲ್ಲಿ ಶೇ. 5ರಷ್ಟು ತಪ್ಪಿದರೂ ಸ್ಥಾನ ಬದಲಾಗದೇ ಇರಬಹುದು. 150ರ ಆಸುಪಾಸಿನಲ್ಲಿ ಅಷ್ಟೇ ತಪ್ಪಿಗೆ ಹತ್ತಾರು ಸ್ಥಾನ ಆಚೀಚೆ ಆಗುತ್ತದೆ. ಕೆಳಗಿನ ಸ್ಥಾನಗಳಿಗೆ ಖಚಿತ ಸಂಖ್ಯೆ ಹೇಳುವವರನ್ನು ನಂಬಬೇಡಿ.

ಈಗ ಗಾಯಕರ ಹಿಂದಿನ ಮೂರು ಸಿಂಗಲ್‌ಗಳ ಮೊದಲ ದಿನದ ಸಂಖ್ಯೆ ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಅದೇ ದಿನದ 50ನೇ ಸ್ಥಾನದ ಸಂಖ್ಯೆಯಿಂದ ಭಾಗಿಸಿ. ಬರೀ ಹಳೆಯ ಸಂಖ್ಯೆ ಹಿಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಕೇಳುಗರ ಗಾತ್ರವೇ ಬದಲಾಗಿದೆ: 2024ರಲ್ಲಿ ಹಾಡು ಕೇಳುವ ಆ್ಯಪ್ ರೆಸ್ಸೋ ಇಲ್ಲಿ ಮುಚ್ಚಿತು, ಅದೇ ವರ್ಷ ವಿಂಕ್ ಕೂಡ. ಅಲ್ಲಿದ್ದವರು ಬೇರೆ ಆ್ಯಪ್‌ಗಳನ್ನು ಹುಡುಕಿಕೊಳ್ಳಬೇಕಾಯಿತು. ಮೂರು ಅನುಪಾತಗಳಲ್ಲಿ ನಡುವಿನದನ್ನು ಹಿಡಿದು, ಹಿಂದಿನ ದಿನದ 50ನೇ ಸ್ಥಾನದ ಸಂಖ್ಯೆಗೆ ಗುಣಿಸಿ. ಉದಾಹರಣೆಗೆ ಅನುಪಾತಗಳು 0.8, 1.3, 2.1 ಇದ್ದು 50ನೇ ಸ್ಥಾನದಲ್ಲಿ 4 ಲಕ್ಷ ಇದ್ದರೆ, ಊಹೆ 5.2 ಲಕ್ಷ. ಪೂರ್ತಿ ಆಲ್ಬಮ್ ಜೊತೆ ಬಂದ ಹಾಡನ್ನು ಈ ಮೂರರಲ್ಲಿ ಸೇರಿಸಬೇಡಿ. ಅದರ ಕೇಳುಗರು ಉಳಿದ ಹಾಡುಗಳಿಗೂ ಹಂಚಿಹೋಗಿರುತ್ತಾರೆ. ಇಬ್ಬರು ಸೇರಿ ಹಾಡಿದ್ದರೆ ಇಬ್ಬರದ್ದನ್ನೂ ಕೂಡಿಸಬಾರದು, ಇಬ್ಬರ ಅಭಿಮಾನಿಗಳೂ ಬಹುಪಾಲು ಒಂದೇ ಜನ. ದೊಡ್ಡ ಹೆಸರಿನವರ ಅನುಪಾತಕ್ಕೆ ತುಸು ಸೇರಿಸಿದರೆ ಸಾಕು.

ಬಿಡುಗಡೆಯ ಗಂಟೆಯನ್ನು ಬಹಳ ಜನ ಮರೆಯುತ್ತಾರೆ. ನ್ಯೂಯಾರ್ಕ್‌ನ ಮಧ್ಯರಾತ್ರಿ ಎಂದರೆ ಇಲ್ಲಿ ಬೆಳಿಗ್ಗೆ 9:30 (ಅಲ್ಲಿನ ಬೇಸಿಗೆಯಲ್ಲಿ), ಅಲ್ಲಿನ ಚಳಿಗಾಲದಲ್ಲಿ 10:30. ಕೊರಿಯಾದ ಮಧ್ಯಾಹ್ನ 1 ಗಂಟೆ ಇಲ್ಲಿ 9:30; ಸಂಜೆ 6 ಎಂದರೆ ಮಧ್ಯಾಹ್ನ 2:30. ಅಷ್ಟರಲ್ಲಿ ಚರ್ಚ್‌ಗೇಟ್ ಕಡೆಯ ಬೆಳಗಿನ ಜನಸಂದಣಿ ಇಯರ್‌ಫೋನ್ ತೆಗೆದು ಕೆಲಸಕ್ಕೆ ಕೂತಿರುತ್ತದೆ. ಇಂಥ ಹಾಡಿಗೆ ಮೊದಲ ದಿನದ ಊಹೆ ಇಳಿಸಿ. ಮರುದಿನ ಏರಿದರೆ ಅದು ಹಾಡಿನ ಗೆಲುವು ಎಂದು ಕುಣಿಯಬೇಡಿ, ಗಂಟೆಗಳು ಹೆಚ್ಚಿದ್ದಷ್ಟೇ.

ಮೊದಲ ವಾರ ಗಾಯಕರದು, ಎರಡನೇ ವಾರ ಹಾಡಿನದು. ನಿಜವಾದ ಪರೀಕ್ಷೆ ಎರಡನೇ ಶುಕ್ರವಾರದ ಸಂಖ್ಯೆಯನ್ನು ಮೊದಲ ಶುಕ್ರವಾರದ್ದರಿಂದ ಭಾಗಿಸಿದಾಗ ಬರುವ ಉತ್ತರ. ನಾವು ಇಟ್ಟುಕೊಂಡಿರುವ ಗೆರೆ: 0.7ರ ಮೇಲಿದ್ದರೆ ತಿಂಗಳ ಪಂಥಕ್ಕೆ ಯೋಗ್ಯ, 0.4ಕ್ಕಿಂತ ಕೆಳಗಿದ್ದರೆ ಅಭಿಮಾನಿಗಳು ಬಂದು ಹೋದರು ಎಂದರ್ಥ. ಶುಕ್ರವಾರವನ್ನು ಭಾನುವಾರಕ್ಕೆ ಹೋಲಿಸಲೇಬೇಡಿ. ಹೋಲಿಸಲೇಬೇಕಿದ್ದರೆ ಹಾಡಿನ ಸಂಖ್ಯೆಯನ್ನು ಆ ದಿನದ 200 ಹಾಡುಗಳ ಒಟ್ಟು ಮೊತ್ತದಿಂದ ಭಾಗಿಸಿ ನೋಡಿ.

ರೀಲ್ಸ್ ನೋಡಿ ಊಹಿಸುವಾಗ ಎಚ್ಚರ. ಅಮೆರಿಕದ ಟಿಕ್‌ಟಾಕ್ ಅಲೆ ಇಲ್ಲಿಗೆ ನೇರ ಬರುವುದಿಲ್ಲ, 2020ರ ಜೂನ್‌ನಿಂದ ಇಲ್ಲಿ ಅದಕ್ಕೆ ನಿಷೇಧ. ಒಟ್ಟು ರೀಲ್‌ಗಳ ಬದಲು ದಿನಕ್ಕೆ ಎಷ್ಟು ಹೆಚ್ಚಿತು ಎಂದು ಗಮನಿಸಿ. ವೇಗ ಹೆಚ್ಚಿಸಿದ ಆಡಿಯೊವನ್ನು ಯಾರೋ ಬೇರೆಯಾಗಿ ಹಾಕಿದ್ದರೆ ಅದರ ಜನಪ್ರಿಯತೆ ಮೂಲ ಹಾಡಿನ ಖಾತೆಗೆ ಸೇರದೇ ಹೋಗಬಹುದು. ಇನ್ನೊಂದು: ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಸ್ಟ್ರೀಮ್. ರೀಲ್‌ನಲ್ಲಿ ಓಡುತ್ತಿರುವ ಸಾಲು ಹಾಡಿನ ಎರಡನೇ ನಿಮಿಷದಲ್ಲಿದ್ದರೆ, ಹುಡುಕಿಕೊಂಡು ಬಂದವರು ಅದಕ್ಕೆ ಮುಂಚೆಯೇ ಎದ್ದು ಹೋಗುವ ಸಂಭವ ಹೆಚ್ಚು. ಯೂಟ್ಯೂಬ್‌ನ 24 ಗಂಟೆಯ ದಾಖಲೆಗೂ ಅದರ ಚಾರ್ಟ್‌ಗೂ 2019ರ ಸೆಪ್ಟೆಂಬರ್‌ನಿಂದ ಜಾಹೀರಾತಿನ ವೀಕ್ಷಣೆ ಲೆಕ್ಕವಿಲ್ಲ. ವಿಡಿಯೊ ಕೆಳಗಿನ ಸಂಖ್ಯೆಯನ್ನೇ ಚಾರ್ಟಿನ ಸಂಖ್ಯೆ ಎಂದುಕೊಳ್ಳಬೇಡಿ.

ಊರಿನ ಕ್ಯಾಲೆಂಡರೂ ಮುಖ್ಯ. 2025ರ ಜನವರಿಯಲ್ಲಿ ನವಿ ಮುಂಬೈಯಲ್ಲಿ ಕೋಲ್ಡ್‌ಪ್ಲೇ, ತಿಂಗಳ ಕೊನೆಗೆ ಪುಣೆಯಲ್ಲಿ ಎಡ್ ಶೀರನ್ ಹಾಡಿದರು. ಇಂಥ ವಾರಗಳಲ್ಲಿ ಜನ ಹಳೆಯ ಹಾಡುಗಳಿಗೆ ಮರಳುತ್ತಾರೆ, ಹೊಸ ಸಿಂಗಲ್‌ಗೆ ಜಾಗ ಕಡಿಮೆ.

ಇಷ್ಟು ಮಾಡಿಯೂ ಒಂದೇ ಸಂಖ್ಯೆ ಹೇಳಬಾರದು ಎನ್ನಲು ಗಟ್ಟಿ ಕಾರಣವಿದೆ. ಸಂಶೋಧಕರಾದ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14,341 ಜನ, 48 ಅಪರಿಚಿತ ಹಾಡುಗಳು. ಬೇರೆಯವರು ಯಾವ ಹಾಡು ಡೌನ್‌ಲೋಡ್ ಮಾಡಿಕೊಂಡರು ಎಂದು ಕಾಣುತ್ತಿದ್ದ ಗುಂಪುಗಳಲ್ಲಿ ಒಂದೇ ಹಾಡು ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಹೋಯಿತು. ತೀರಾ ಒಳ್ಳೆಯವು ಅಪರೂಪಕ್ಕೆ ಸೋತವು, ತೀರಾ ಕಳಪೆ ಅಪರೂಪಕ್ಕೆ ಗೆದ್ದವು. ನಡುವಿನವುಗಳಿಗೆ ಏನೂ ಆಗಬಹುದಿತ್ತು.

ಹಾಗಾಗಿ ಕನಿಷ್ಠ, ನಡು, ಗರಿಷ್ಠ ಎಂದು ಮೂರು ಸಂಖ್ಯೆ ಬರೆಯಿರಿ. ಹತ್ತು ಹಾಡುಗಳಲ್ಲಿ ಎಂಟು ಆ ಅಂಚುಗಳೊಳಗೆ ಬಿದ್ದರೆ ಅಗಲ ಸರಿ. ಹತ್ತೂ ಬಿದ್ದರೆ ಅಂಚು ವಿಪರೀತ ಅಗಲ, ಕಿರಿದು ಮಾಡಿ. ಪಕ್ಕದಲ್ಲೇ ಒಂದು ಸೋಮಾರಿ ಊಹೆಯನ್ನೂ ಬರೆದಿಡಿ: ಮೊದಲ ದಿನಕ್ಕೆ ಆ ಗಾಯಕರ ಕಳೆದ ಸಿಂಗಲ್‌ನ ಸಂಖ್ಯೆ, ಆಮೇಲಿನ ದಿನಗಳಿಗೆ ನಿನ್ನೆಯ ಸಂಖ್ಯೆ. ಇಪ್ಪತ್ತು ಹಾಡುಗಳಾದ ಮೇಲೂ ನಿಮ್ಮ ಲೆಕ್ಕ ಅದನ್ನು ಮೀರದಿದ್ದರೆ, ಮೊದಲು ರೀಲ್ಸ್ ಭಾಗವನ್ನು ತೆಗೆದುಹಾಕಿ ನೋಡಿ. ಸಾಮಾನ್ಯವಾಗಿ ಊಹೆ ಹಾರಾಡುವುದು ಅಲ್ಲಿಂದಲೇ.