ಹಿನ್ನೀರಿನ ಪ್ರವಾಸಕ್ಕೆ ಹಳೆಯ ಕ್ಯಾಬಿನ್ ದೋಣಿ: ಕೊಳ್ಳುವ ಮೊದಲು ನೋಡಬೇಕಾದದ್ದು

ಬಾಗಲಕೋಟೆಯಿಂದ ದೋಣಿಯಲ್ಲೇ ಕೂಡಲಸಂಗಮಕ್ಕೆ ಹೋಗಬಹುದೇ ಎಂದು ಕೇಳುವವರು ಬಹಳ. ಹೋಗಲು ಆಗುವುದಿಲ್ಲ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರಿದ ಮೇಲೆ ಆಲಮಟ್ಟಿ ಅಣೆಕಟ್ಟು ಅಡ್ಡ ನಿಂತಿದೆ, ದೋಣಿ ದಾಟಿಸುವ ವ್ಯವಸ್ಥೆ ಅಲ್ಲಿಲ್ಲ. ಕೂಡಲಸಂಗಮ ಇರುವುದು ಅಣೆಕಟ್ಟಿನ ಕೆಳಗೆ, ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿ. ಕೃಷ್ಣೆಯಲ್ಲಿ ಮೇಲುಗಡೆಗೆ ಹೊರಟರೆ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ಕಟ್ಟಿಕೊಂಡ ಬ್ಯಾರೇಜ್ ಇದೆ. ಅದರಾಚೆ ಹಿಪ್ಪರಗಿ ಬ್ಯಾರೇಜ್. ಘಟಪ್ರಭೆಯನ್ನು 2016ರ ಕಾಯ್ದೆಯಲ್ಲಿ ರಾಷ್ಟ್ರೀಯ ಜಲಮಾರ್ಗವೆಂದು ಹೆಸರಿಸಿದ್ದಾರೆ, ಆದರೆ ನಾವು ಸಾಗಿದ ದಾರಿಯಲ್ಲಿ ಆಳ ತೋರಿಸುವ ಒಂದು ತೇಲುಗುರುತೂ ಕಾಣಲಿಲ್ಲ. ಆದ್ದರಿಂದ ನಮ್ಮ ಸೀಮೆಯ ನೀರಿನಲ್ಲಿ ದೂರದ ಪ್ರವಾಸ ಮಾಡಬೇಕೆನ್ನುವವರು ಟ್ರೇಲರ್ ಮೇಲೆ ಏರಿಸಿ ಇಳಿಸಬಲ್ಲ, ಕಡಿಮೆ ನೀರಿನಲ್ಲಿ ತೇಲುವ ದೋಣಿಯನ್ನೇ ಹುಡುಕಬೇಕು. ಮೂವತ್ತು ಅಡಿಯ, ಒಳಗೆ ಅಡುಗೆಮನೆ, ಸ್ನಾನದ ಮನೆ ಇರುವ ದೋಣಿಗಳನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ಇಲ್ಲಿ ಟ್ರೇಲರ್ ಮೇಲೆ ಸಾಗಿಸಬಲ್ಲ ಸಣ್ಣ ಕ್ಯಾಬಿನ್ ದೋಣಿ ಮಾರುವವರು ನಮಗೆ ಸಿಗಲಿಲ್ಲ, ಗೋವಾಕ್ಕೇ ಹೋದೆವು. ನನ್ನ ಭಾವ ಬೆಳಗಾವಿಯ ಉದ್ಯಮಬಾಗದಲ್ಲಿ ಎಂಜಿನ್ ಕೆಲಸ ಮಾಡುವವರು, ಅವರನ್ನು ಕರೆದುಕೊಂಡು ಹೋದದ್ದರಿಂದ ನಮ್ಮ ದುಡ್ಡು ಉಳಿಯಿತು. ನದಿ ದಂಡೆಯ ಒಂದು ಯಾರ್ಡಿನಲ್ಲಿ ಬಿಳಿ ಬಣ್ಣ ಹೊಳೆಯುವ ದೋಣಿ ತೋರಿಸಿದರು. ಒಳಗೆ ಹೊಸ ಹಾಸಿಗೆ, ಹೊಸ ಪರದೆ. ಭಾವ ಅದಾವುದನ್ನೂ ನೋಡದೆ ನೇರವಾಗಿ ಎಂಜಿನ್ ಮೇಲೆ ಅಂಗೈ ಇಟ್ಟರು. ಬಿಸಿಯಾಗಿತ್ತು. ನಾವು ಬರುವ ಮೊದಲೇ ಅದನ್ನು ಓಡಿಸಿ ಇಟ್ಟಿದ್ದರು. ಹಳೆಯ ಎಂಜಿನ್ ಬಿಸಿಯಿದ್ದಾಗ ಸುಲಭವಾಗಿ ಚಾಲೂ ಆಗುತ್ತದೆ; ರೋಗ ತಿಳಿಯುವುದು ತಣ್ಣಗಿದ್ದಾಗ. "ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಮುಟ್ಟಬೇಡಿ" ಎಂದು ಹೇಳಿ ಬಂದೆವು. ಮರುದಿನ ಅದು ಬಹಳ ಹೊತ್ತು ಕೆಮ್ಮಿ ಎದ್ದಿತು, ನೀಲಿ ಹೊಗೆ ಬಂತು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದರೆ ಒಂದು ಸಿಲಿಂಡರ್ ಉಳಿದವಕ್ಕಿಂತ ಬಹಳ ಕೆಳಗಿತ್ತು. ಸಿಲಿಂಡರುಗಳ ನಡುವೆ ನೂರಕ್ಕೆ ಹತ್ತರಷ್ಟು ವ್ಯತ್ಯಾಸವಿದ್ದರೆ ಒಪ್ಪಬಹುದು, ಅದಕ್ಕಿಂತ ಹೆಚ್ಚಿದ್ದರೆ ಎಂಜಿನ್ ಬಿಚ್ಚಿಸುವ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ನಾವು ಬೇಡವೆಂದು ಹೊರಟಾಗ, ದೋಣಿಯನ್ನು ನೀರಿನಿಂದ ಎತ್ತಿ ತೋರಿಸಿದ್ದಕ್ಕೆ ಕ್ರೇನ್ ಬಾಡಿಗೆ ಎಂದು 6,000 ರೂಪಾಯಿ ಕೇಳಿದರು. ಫೋನಿನಲ್ಲಿ ಅದೆಲ್ಲ ತಮ್ಮದೇ ಖರ್ಚು ಎಂದಿದ್ದರು. ಕಾರಿನ ಮುಂದೆ ಆಳುಗಳನ್ನು ನಿಲ್ಲಿಸಿ ವಸೂಲಿ ಮಾಡಿದ ಆ ರೀತಿ ನೆನೆದರೆ ಈಗಲೂ ಮೈ ಉರಿಯುತ್ತದೆ. ಕ್ರೇನ್ ಖರ್ಚು ಯಾರದು ಎಂಬುದನ್ನು ಮೊಬೈಲಿನಲ್ಲಿ ಬರೆಸಿಕೊಂಡೇ ಹೋಗಿ.

ಕೊನೆಗೆ ಕೊಂಡದ್ದು ಇಪ್ಪತ್ತು ಅಡಿಯ ಫೈಬರ್ ದೋಣಿ, ಮುಂದೆ ಇಬ್ಬರು ಮಲಗುವ ಕ್ಯಾಬಿನ್, ಹಿಂದೆ 40 ಎಚ್‌ಪಿಯ ಫೋರ್ ಸ್ಟ್ರೋಕ್ ಎಂಜಿನ್, ಹೊರಗೆ ತೂಗುಹಾಕುವ ಔಟ್‌ಬೋರ್ಡ್. ನೋಡಲು ಮಂಕಾಗಿತ್ತು, ಕಿಟಕಿಯ ಗಾಜು ಮಸುಕು. ಆದರೆ ಸಂತೆಯಲ್ಲಿ ಗಡಿಗೆಯನ್ನು ಬಾರಿಸಿ ಕೊಳ್ಳುವಂತೆ ಸಣ್ಣ ಸುತ್ತಿಗೆಯಿಂದ ತಳವನ್ನೆಲ್ಲ ತಟ್ಟಿ ನೋಡಿದೆವು, ಎಲ್ಲಿಯೂ ಮಂಕು ಸದ್ದು ಬರಲಿಲ್ಲ. ಸದ್ದು ಬದಲಾಗುವ ಕಡೆ ಫೈಬರಿನ ಪದರ ಬಿಟ್ಟಿರುತ್ತದೆ ಅಥವಾ ಒಳಗಿನ ಪ್ಲೈವುಡ್ ಕೊಳೆತಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಎಂಜಿನ್ ತೂಗುಬಿದ್ದಿರುವ ಹಿಂಬದಿಯ ಹಲಗೆ. ಎಂಜಿನ್ನಿನ ಕಾಲಿನ ಮೇಲೆ ಭಾರ ಹಾಕಿ ಒತ್ತಿದಾಗ ಆ ಹಲಗೆ ಸ್ವಲ್ಪ ಬಾಗಿದರೂ ಆ ದೋಣಿ ಬೇಡ. ಗೇರ್‌ಬಾಕ್ಸಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ. ಸಮುದ್ರದಲ್ಲಿ ಓಡಿದ ಎಂಜಿನ್ನಾದ್ದರಿಂದ ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟಿನ ಮುಚ್ಚಳ ತೆಗೆಸಿ ನೋಡಿ. ಉಪ್ಪು ಗಟ್ಟಿಯಾಗಿ ಕೂತಿದ್ದರೆ ನಮ್ಮ ಬಿಸಿಲಿನಲ್ಲಿ ಅದು ಬೇಗ ಕಾದು ನಿಲ್ಲುತ್ತದೆ.

ಒಳಗೇ ಕೂರಿಸಿದ ಪೆಟ್ರೋಲ್ ಎಂಜಿನ್ನಿನ ದೋಣಿಗಳೂ ಸಿಕ್ಕವು. ಅವುಗಳಲ್ಲಿ ಕ್ಯಾಬಿನ್ ದೊಡ್ಡದು, ನಿಜ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ತಂಗುತ್ತದೆ. ಬ್ಲೋವರ್ ಹಾಕಿ ಅದನ್ನು ಹೊರಗೆ ದೂಡದೆ ಚಾಲೂ ಮಾಡುವಂತಿಲ್ಲ. ಅದಕ್ಕಿಂತ ದೊಡ್ಡ ಕಾರಣ ಹಿನ್ನೀರಿನ ಕೆಳಗೆ ಇರುವುದು. ಹಳೆಯ ಬಾಗಲಕೋಟೆಯ ತಗ್ಗಿನ ಮನೆಗಳು, ಮುಳುಗಡೆ ಊರುಗಳ ಗೋಡೆಗಳು, ಹುಣಸೆ ಮರದ ಬೊಡ್ಡೆಗಳು, ಮೇಲೆ ಮೀನಿನ ಬಲೆಗಳು. ಔಟ್‌ಬೋರ್ಡ್ ಆದರೆ ಎತ್ತಿ ಹಿಡಿದು ಪ್ರೊಪೆಲ್ಲರಿಗೆ ಸುತ್ತಿದ ಬಲೆಯನ್ನು ಬಿಡಿಸಬಹುದು.

ದೋಣಿಯನ್ನು ಅನಮೋಡ ಘಾಟಿನಿಂದ ಹತ್ತಿಸಿ, ಬೆಳಗಾವಿ, ಯರಗಟ್ಟಿ, ಲೋಕಾಪುರ, ಕಲಾದಗಿ ದಾರಿಯಾಗಿ ತಂದೆವು. ಮಾರ್ಗದ ಬಗ್ಗೆ ಹೇಳುವುದು ಹೆಚ್ಚಿಲ್ಲ, ಟ್ರೇಲರಿಗೆ ಹಗಲೇ ಒಳ್ಳೆಯದು.

ನವೆಂಬರಿನಲ್ಲಿ ನೀರು ತುಂಬಿತ್ತು. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆಯಿಂದ ಪ್ರವಾಹ ಬಂದು ಗೇಟು ತೆಗೆಯುವಾಗ ನೀರಿಗೆ ಇಳಿಯಲೇಬಾರದು, ಬೇಸಿಗೆಯಲ್ಲಿ ಅಂಚುಗಳೆಲ್ಲ ಕೆಸರು. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಸರಿಯಾದ ಕಾಲ. ಎಂಜಿನ್ನನ್ನು ಪೂರ್ತಿ ವೇಗದಲ್ಲಿ ಓಡಿಸಿದರೆ 40 ಎಚ್‌ಪಿಗೆ ಗಂಟೆಗೆ ಸುಮಾರು 15 ಲೀಟರ್ ಪೆಟ್ರೋಲ್ ಬೇಕು. ಈ ಉದ್ದದ ದೋಣಿ ಗಂಟೆಗೆ 10 ಕಿಲೋಮೀಟರ್ ಆಸುಪಾಸಿನಲ್ಲಿ ಸಾಗಿದರೆ ಅದರಲ್ಲಿ ಸಣ್ಣ ಪಾಲೇ ಸಾಕು. ಹೋಗಲು ಮೂರನೇ ಒಂದು, ಬರಲು ಮೂರನೇ ಒಂದು, ಉಳಿದದ್ದನ್ನು ಮುಟ್ಟದಿರುವುದು ಎಂದು ಲೆಕ್ಕ ಹಾಕಿ. ದಂಡೆಯ ಮೇಲೆ ಪೆಟ್ರೋಲ್ ಸಿಗುವುದಿಲ್ಲ.

ಅನಗವಾಡಿ ಸೇತುವೆಯ ಕಡೆ ನೀರಿಗಿಳಿಸಿ, ಚಿಕ್ಕಸಂಗಮ ತಿರುಗಿ ಕೊಲ್ಹಾರಕ್ಕೆ ಬಂದೆವು. ಅಗಲ ನೀರಿನಲ್ಲಿ ಮಧ್ಯಾಹ್ನ ಗಾಳಿ ಎದ್ದು ಗಿಡ್ಡ ಅಲೆಗಳು ದೋಣಿಯನ್ನು ಕುಕ್ಕುತ್ತವೆ, ಬೆಳಿಗ್ಗೆ ಹನ್ನೊಂದರೊಳಗೆ ದಾಟಿಬಿಡಿ. ಒಬ್ಬ ಮೀನುಗಾರರು ಹರಿಗೋಲಿನಿಂದಲೇ ಕೂಗಿ, "ತಮ್ಮಾ, ಆ ಕಡೆ ಹೋಗಬೇಡ, ಕೆಳಗೆ ಗುಡಿಯ ಗೋಡೆ ಇದೆ" ಎಂದು ತಡೆದರು. ಆ ಕಾಕಾನ ಮಾತಿನಷ್ಟು ನಂಬುವಂಥ ನಕ್ಷೆ ನಮ್ಮ ಮೊಬೈಲಿನಲ್ಲಿ ಇರಲಿಲ್ಲ. ಎಲ್ಲಿ ನಿಂತರೂ ಮೊದಲು ಮೀನುಗಾರರನ್ನು ಕೇಳಿ.

ಕೊಲ್ಹಾರದ ಊಟಕ್ಕಾಗಿಯಾದರೂ ಅಲ್ಲಿ ನಿಲ್ಲಬೇಕು. ಬೋರ್ಡೂ ಇಲ್ಲದ ಖಾನಾವಳಿ, ನಾಲ್ಕೇ ಮೇಜು. ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ ಒಂದು ಮುಗಿಯುವುದರೊಳಗೆ ಇನ್ನೊಂದು ತಟ್ಟೆಗೆ ಬೀಳುತ್ತದೆ. ಎಣ್ಣೆಗಾಯಿಯಲ್ಲಿ ಗುರೆಳ್ಳಿನ ಪುಡಿ ಧಾರಾಳ, ಜೊತೆಗೆ ಮಡಕಿ ಕಾಳಿನ ಪಲ್ಯ, ಹಸಿ ಈರುಳ್ಳಿ, ಶೇಂಗಾ ಚಟ್ನಿ. ಮೇಲೆ ಕೊಲ್ಹಾರದ ಹೆಸರಾಂತ ಮೊಸರು, ಗಡಿಗೆಯಲ್ಲಿ ಹೆಪ್ಪು ಹಾಕಿದ್ದು, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. "ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ ಅಣ್ಣ, ನೀರಿನ ಮೇಲೆ ಹಸಿವು ಜಾಸ್ತಿ" ಎಂದು ಅಕ್ಕ ಮತ್ತೆ ಮತ್ತೆ ಬಡಿಸಿದರು. ಒಬ್ಬರಿಗೆ 80 ರೂಪಾಯಿ. ಗಡಿಗೆ ಮೊಸರನ್ನು ದೋಣಿಗೂ ಕಟ್ಟಿಸಿಕೊಂಡೆವು, ಮರುದಿನವೂ ಹುಳಿಯಾಗಿರಲಿಲ್ಲ.

ಆಲಮಟ್ಟಿಯಲ್ಲಿ ಭಾನುವಾರ ತಂಗಬೇಡಿ. ಉದ್ಯಾನಕ್ಕೆ ಬರುವ ಜನಸಂದಣಿ ನನಗೆ ಸಹಿಸಲಾಗದು, ಅದೇ ದಿನ ಅಲ್ಲಿನ ಲಾಡ್ಜಿನವರು ಒದ್ದೆ ವಾಸನೆಯ ಕೋಣೆಗೆ 2,200 ರೂಪಾಯಿ ತೆಗೆದುಕೊಂಡರು, ಬಿಸಿನೀರೂ ಬರಲಿಲ್ಲ. ದೋಣಿಯ ಕ್ಯಾಬಿನ್ನೇ ಎಷ್ಟೋ ಮೇಲು. ಕೆಸರು ನೆಲಕ್ಕೆ ಚಪ್ಪಟೆ ರೆಕ್ಕೆಯ ಲಂಗರು ಹಿಡಿಯುತ್ತದೆ, ಹಗ್ಗವನ್ನು ಆಳದ ಐದಾರು ಪಟ್ಟು ಬಿಡಿ, ಸೊಳ್ಳೆಪರದೆ ಮರೆಯಬೇಡಿ. ಅಣೆಕಟ್ಟಿನ ಹತ್ತಿರಕ್ಕೆ ಹೋಗಬೇಡಿ. ರಾಜಹಂಸಗಳು ಮೇಯುವ ತೆಳುನೀರಿನಲ್ಲಿ ಎಂಜಿನ್ ಓಡಿಸಬೇಡಿ.

ಇನ್ನು ಕಾಗದಪತ್ರ. 1917ರ ಕಾಯ್ದೆಯ ಜಾಗದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯಲ್ಲಿ ಯಂತ್ರದ ದೋಣಿಗೆ ನೋಂದಣಿ, ತಪಾಸಣೆ, ವಿಮೆ ಎಲ್ಲದರ ಮಾತಿದೆ. ಗೋವಾದ ದೋಣಿಗಳ ದಾಖಲೆ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯಲ್ಲಿರುತ್ತದೆ. ತಳದ ಮೇಲಿನ ನಂಬರು, ಎಂಜಿನ್ ನಂಬರು ಎರಡನ್ನೂ ಆ ದಾಖಲೆಯೊಂದಿಗೆ ತಾಳೆ ನೋಡಿದ ಮೇಲೆಯೇ ಮುಂಗಡ ಕೊಡಿ. ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮದ್ದು, ನೀರಿಗಿಳಿಸುವ ಮೊದಲು ಅಲ್ಲಿ ಲಿಖಿತ ಅನುಮತಿ ಕೇಳಿ. ಟ್ರೇಲರಿನ ನೋಂದಣಿ ಬೇರೆ, ಅದನ್ನು ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ.