ಹಳೆ ಕಾರಿಗೊಂದು ಬೆಲೆ, ಕೈದುಡ್ಡಿಗೊಂದು ಬೆಲೆ

ನಗದು ಕೊಡ್ತೇನೆ ಅಂದರೆ ಅಂಗಡಿಯವರ ಮುಖ ಅರಳಬೇಕು. ಶಿರಸಿ ಕಡೆ ಬೆಳೆದ ನಾನು ಕಂಡಿದ್ದು ಹಾಗೇ. ಮೊನ್ನೆ ಇಲ್ಲಿ ಅಮೆರಿಕದ ಡಲ್ಲಾಸ್ ಹತ್ತಿರ ಹಳೆ ಕಾರು ಮಾರುವ ಒಂದು ಅಂಗಡಿಯಲ್ಲಿ "ಸಾಲ ಬೇಡ, ಪೂರ್ತಿ ದುಡ್ಡು ಒಂದೇ ಸಲಕ್ಕೆ ಕೊಡ್ತೇವೆ" ಅಂದೆ ನೋಡಿ, ಎದುರಿಗೆ ಕೂತಿದ್ದ ಹುಡುಗನ ಉತ್ಸಾಹವೇ ಇಳಿದುಹೋಯಿತು. ಅಲ್ಲಿಯವರೆಗೆ ನಮಗೆ ನೀರು, ಮಗಳಿಗೆ ಚಾಕೊಲೇಟು ಅಂತ ಚೆನ್ನಾಗಿ ಉಪಚಾರ ಮಾಡುತ್ತಿದ್ದ. ಮ್ಯಾನೇಜರನ್ನು ಕೇಳಿ ಬರ್ತೇನೆ ಅಂತ ಎದ್ದು ಹೋದ. ಬಂದು ಹೇಳಿದ್ದು ಇಷ್ಟು: ನೀವು ಇಂಟರ್‌ನೆಟ್ಟಿನಲ್ಲಿ ನೋಡಿದ 18,500 ಡಾಲರ್ ನಮ್ಮ ಮೂಲಕ ಸಾಲ ಮಾಡುವವರಿಗೆ, ನಗದಿಗಾದರೆ 20,000. ಜಾಹೀರಾತಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಬರೆದೂ ಇದ್ದರು.

ನನಗೆ ಬೇಜಾರಾಯಿತು. ಸಾಲವಿಲ್ಲದೆ ಒಂದು ವಸ್ತು ತಂದರೆ ನಮ್ಮ ಮನೆಯಲ್ಲಿ ಅದಕ್ಕೊಂದು ಮರ್ಯಾದೆ. ಅಪ್ಪಯ್ಯ ಪಂಪ್‌ಸೆಟ್ ತಂದಾಗ "ಒಂದು ರೂಪಾಯಿ ಬಾಕಿ ಇಲ್ಲ" ಅಂತ ಬಂದವರಿಗೆಲ್ಲ ಹೇಳಿದ್ದರು. ಇಲ್ಲಿ ನೋಡಿದರೆ ಸಾಲ ಬೇಡ ಅಂದವನೇ ಹೆಚ್ಚು ಕೊಡಬೇಕು.

ಕಾರಣ ಇದೆ. ಇಲ್ಲಿ ಡೀಲರಿಗೆ ಲಾಭ ಬರೋದು ಬರೀ ಕಾರಿನಿಂದ ಅಲ್ಲ. ಬ್ಯಾಂಕು ಏಳು ಪರ್ಸೆಂಟಿಗೆ ಕೊಡಲು ಒಪ್ಪಿದ ಸಾಲವನ್ನು ಡೀಲರು ನಮಗೆ ಒಂಬತ್ತು ಅಂತ ಬರೆಯಬಹುದು, ನಡುವಿನ ಬಡ್ಡಿಯಲ್ಲಿ ಅವನಿಗೆ ಪಾಲು ಸಿಗುತ್ತದೆ. ಅದರ ಜೊತೆ ವಾರಂಟಿ, ವಿಮೆ ಅಂತ ಇನ್ನೂ ನಾಲ್ಕು ಮಾರಬಹುದು. ಕೈದುಡ್ಡು ಕೊಟ್ಟವನ ಹತ್ತಿರ ಇದೆಲ್ಲ ನಡೆಯುವುದು ಕಷ್ಟ, ಹಾಗಾಗಿ ಆ ಲಾಭವನ್ನು ಕಾರಿನ ಬೆಲೆಯಲ್ಲೇ ತೆಗೆಯಬೇಕು. ಎಲ್ಲ ಕಡೆ ಹೀಗಿಲ್ಲ ಬಿಡಿ, ಒಂದೇ ಬೆಲೆ ಇಡುವವರೂ ಬೇಕಾದಷ್ಟು ಇದ್ದಾರೆ.

ನಾವು ಎದ್ದು ಹೊರಡುವಾಗ ಹುಡುಗ ದಾರಿಗೆ ಬಂದ. ಸರಿ, 18,500ಕ್ಕೇ ಕೊಡ್ತೇವೆ, ನಿಮ್ಮ ಹಳೆ ಕೊರೊಲ್ಲಾವನ್ನು ಇಲ್ಲೇ ಬಿಡಿ, ಅದಕ್ಕೆ 6,000 ಅಂದ. ಆರು ಸಾವಿರ ತೀರಾ ಕಡಿಮೆ ಆಯ್ತು ಅಂದೆ. ಅವನು ಒಂದು ಹಾಳೆಯನ್ನು ಪೆನ್ನಿನಿಂದ ಗೀರಿ ನಾಲ್ಕು ಮನೆ ಮಾಡಿದ. ಒಂದರಲ್ಲಿ ನಮ್ಮ ಹಳೆ ಕಾರಿನ ಬೆಲೆ, ಇನ್ನೊಂದರಲ್ಲಿ ಅವರ ಕಾರಿನ ಬೆಲೆ, ಮೂರನೆಯದರಲ್ಲಿ ಮುಂಗಡ, ನಾಲ್ಕನೆಯದರಲ್ಲಿ ತಿಂಗಳ ಕಂತು. ಫೋರ್ ಸ್ಕ್ವೇರ್ ಅಂತ ಇಲ್ಲಿ ಇದು ಹಳೇ ಪದ್ಧತಿ. ಒಳಗೆ ಹೋಗಿ ಬಂದು 6,000 ಹೊಡೆದುಹಾಕಿ 7,500 ಅಂತ ದೊಡ್ಡದಾಗಿ ಬರೆದು ಅದರ ಸುತ್ತ ಗೆರೆ ಎಳೆದ. ಪಕ್ಕದ ಮನೆಯ 18,500 ಸದ್ದಿಲ್ಲದೆ 20,000 ಆಯಿತು.

ಐದನೇ ಕ್ಲಾಸಿನ ಮಗಳು ಚಾಕೊಲೇಟ್ ಕಾಗದದ ಹಿಂದೆ ಕಳೆಯುವ ಲೆಕ್ಕ ಮಾಡುತ್ತಿದ್ದಳು. ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಕೇಳಿದಳು, "ಅಪ್ಪಾ, ಎರಡೂ ಹನ್ನೆರಡೂವರೆ ಸಾವಿರವೇ ಅಲ್ವಾ? ಹಾಗಾದ್ರೆ ನಮ್ಮ ದುಡ್ಡನ್ನೇ ಇವರು ನಮಗೆ ಕೊಡ್ತಿದ್ದಾರಾ?"

ಹುಡುಗನಿಗೆ ಭಾಷೆ ತಿಳಿಯಲಿಲ್ಲ, ನಗುತ್ತಿದ್ದ. ನನಗೆ ಆ ಮಾತು ಮನೆಗೆ ಬರುವವರೆಗೂ ತಲೆಯಿಂದ ಹೋಗಲಿಲ್ಲ. ಇದೇ ಲೆಕ್ಕವನ್ನು ನಮ್ಮ ಅಜ್ಜ ಬೇರೆ ಮಾತಿನಲ್ಲಿ ಹೇಳುತ್ತಿದ್ದರು.

ಅಜ್ಜನ ಕಾಲದಲ್ಲಿ ಪೇಟೆಯ ಸಾಹುಕಾರರ ಹತ್ತಿರ ಮಳೆಗಾಲಕ್ಕೆ ಮೊದಲೇ ಮುಂಗಡ ತರುವುದಿತ್ತು. ಅಕ್ಕಿ, ಬೆಲ್ಲ, ಸೀಮೆಎಣ್ಣೆ, ಮನೆಯಲ್ಲಿ ಮದುವೆಯಿದ್ದರೆ ಅದರ ಜವಳಿ, ಎಲ್ಲ ಅದೇ ಅಂಗಡಿಯ ಖಾತೆಗೆ. ಗೊನೆ ಕೊಯ್ಲು ಮುಗಿದು ಅಡಿಕೆ ಒಣಗಿದ ಮೇಲೆ ಮೂಟೆ ಅದೇ ಅಂಗಡಿಗೆ ಹೋಗಬೇಕು, ಬೇರೆಯವರಿಗೆ ಕೊಡುವ ಹಾಗಿಲ್ಲ. ಧಾರಣೆ ಕಡಿಮೆಯಾಯ್ತು ಅಂದರೆ ಸಾಹುಕಾರರು ಜಗಳ ಮಾಡುತ್ತಿರಲಿಲ್ಲ, "ಆಗಲಿ ಹೆಗಡೇರೆ" ಅಂತ ಧಾರಣೆ ಏರಿಸಿಯೇ ಬಿಡುತ್ತಿದ್ದರು. ಆಮೇಲೆ ತೂಕದಲ್ಲಿ ತೇವ ಅಂತ ಒಂದಿಷ್ಟು ಕಳೆಯುತ್ತಿದ್ದರು, ಅಥವಾ ಬಡ್ಡಿಯ ಕಡೆ ಬೆಳೆಸುತ್ತಿದ್ದರು. ಮನೆಗೆ ಬರುವ ದುಡ್ಡು ಮಾತ್ರ ಅಷ್ಟೇ. ಅಜ್ಜ ಹೇಳುತ್ತಿದ್ದದ್ದು, ಸಾಲದ ಲೆಕ್ಕ ಮತ್ತು ಅಡಿಕೆ ಲೆಕ್ಕ ಒಂದೇ ಪುಸ್ತಕದಲ್ಲಿ ಇದ್ದಷ್ಟು ದಿವಸ ನಮ್ಮ ಅಡಿಕೆಗೆ ಬೆಲೆಯೇ ಇಲ್ಲ ಅಂತ.

ಅದಕ್ಕೇ 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರ್ಸ್ ಸೊಸೈಟಿಯನ್ನು ನಮ್ಮ ಹಿರಿಯರು ಅಷ್ಟು ಹಚ್ಚಿಕೊಂಡದ್ದು. ಟಿಎಸ್ಎಸ್ ಅಂದರೆ ನಿಮಗೆಲ್ಲ ಗೊತ್ತು, ಅಡಿಕೆ ಬೆಳೆಗಾರರದ್ದೇ ಸಹಕಾರಿ ಸಂಘ. ಸಾಲ ಅಲ್ಲೂ ಸಿಗುತ್ತದೆ, ಕಿರಾಣಿಯೂ ಸಿಗುತ್ತದೆ. ಆದರೆ ಅಡಿಕೆಯ ಬೆಲೆ ಹೇಳುವುದು ಸಾಲ ಕೊಟ್ಟವರಲ್ಲ. ರಾಶಿ, ಬೆಟ್ಟೆ, ಚಾಲಿ ಅಂತ ಬೇರೆ ಬೇರೆ ಬಗೆಯ ಅಡಿಕೆಯನ್ನು ಲಾಟು ಲಾಟಾಗಿ ಅಂಗಳದಲ್ಲಿ ಸುರಿದಿರುತ್ತಾರೆ. ವ್ಯಾಪಾರಿಗಳು ಬಂದು ಮುಷ್ಟಿಯಲ್ಲಿ ತೆಗೆದು, ಒಂದೆರಡು ಒಡೆದು ನೋಡಿ, ಚೀಟಿಯಲ್ಲಿ ತಮ್ಮ ದರ ಬರೆಯುತ್ತಾರೆ. ಟೆಂಡರಿನಲ್ಲಿ ಹೆಚ್ಚು ಬರೆದವರದ್ದು. ಒಪ್ಪಿಗೆಯಾಗದಿದ್ದರೆ ನಾವು ಕೊಡದೆಯೂ ಇರಬಹುದು. ಸಾಲ ಕಡಿದುಕೊಳ್ಳುವುದು ಬೆಲೆ ಆದ ಮೇಲೆ. ಅಪ್ಪಯ್ಯನ ಜೊತೆ ರಜೆಯಲ್ಲಿ ಅಲ್ಲಿಗೆ ಹೋಗಿ ಮೂಟೆಯ ಮೇಲೆ ಕೂತು ಇದನ್ನೆಲ್ಲ ನೋಡಿದ್ದೇನೆ. ಈಗಲೂ ಅವರು ಪೇಪರ್ ಬಂದ ಕೂಡಲೇ ಮೊದಲು ತೆಗೆಯುವುದು ಅಡಿಕೆ ಧಾರಣೆ ಇರುವ ಪುಟ.

ಕಾರಿನ ವಿಷಯದಲ್ಲೂ ನಾವು ಹಾಗೇ ಮಾಡಿದೆವು. ಹಳೆಯದನ್ನು ಮೊದಲು ಕಾರ್‌ಮ್ಯಾಕ್ಸ್‌ಗೆ ಒಯ್ದು ತೋರಿಸಿದೆ. 1993ರಲ್ಲಿ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ಶುರುವಾದ ಕಂಪನಿ ಅದು, ಅವರ ಹತ್ತಿರ ಕಾರು ಕೊಳ್ಳದಿದ್ದರೂ ನಮ್ಮ ಕಾರಿಗೆ ಬೆಲೆ ಬರೆದು ಕೊಡುತ್ತಾರೆ, ಏಳು ದಿನ ಆ ಬೆಲೆ ಬದಲಾಗುವುದಿಲ್ಲ. 6,800 ಅಂತ ಕೊಟ್ಟರು. ಆ ಚೀಟಿಯನ್ನು ಜೇಬಲ್ಲಿಟ್ಟುಕೊಂಡು ಬೇರೊಂದು ಅಂಗಡಿಗೆ ಹೋಗಿ, ಹಳೆ ಕಾರಿನ ಮಾತೇ ಎತ್ತದೆ, ಸಾಲ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು ಅಂತ ಕೇಳಿದೆ. ಎರಡಕ್ಕೂ 18,900 ಅಂತ ಬರೆದುಕೊಟ್ಟರು. ಹಳೆಯದು ಹೊರಗೆ ಬಂದದ್ದು ಆಮೇಲೆ. ಅವರು ಅದಕ್ಕೆ ಹೇಳಿದ್ದು 6,600.

ಇನ್ನೂರು ಡಾಲರ್ ಕಡಿಮೆ, ಆದರೂ ಅಲ್ಲೇ ಕೊಟ್ಟೆವು. ಟೆಕ್ಸಾಸ್‌ನಲ್ಲಿ ಕಾರಿನ ಮೇಲಿನ ತೆರಿಗೆ 6.25 ಪರ್ಸೆಂಟ್, ಹಳೆ ಕಾರನ್ನು ಅದೇ ಡೀಲರಿಗೆ ಬಿಟ್ಟರೆ ಅದರ ಬೆಲೆ ಕಳೆದು ಉಳಿದದ್ದರ ಮೇಲೆ ಮಾತ್ರ ತೆರಿಗೆ ಬೀಳುತ್ತದೆ. 6,600ರ ಮೇಲಿನ ತೆರಿಗೆ 412 ಡಾಲರ್ ಚಿಲ್ಲರೆ ಉಳಿಯಿತು, ಅಂದರೆ ನಮ್ಮ ಪಾಲಿಗೆ ಆ ಕಾರಿಗೆ ಏಳು ಸಾವಿರದ ಮೇಲೇ ಬಂತು. ಎಲ್ಲ ರಾಜ್ಯದಲ್ಲೂ ಈ ಅನುಕೂಲ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯ ಪೂರ್ತಿ ಬೆಲೆಯ ಮೇಲೆ ಕಟ್ಟಬೇಕು, ಅವನಿಗೆ ಹಳೆಯದನ್ನು ಹೊರಗೆ ಮಾರುವುದೇ ವಾಸಿ.

ಇದನ್ನೆಲ್ಲ ಊರಿನವರಿಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಅದೇ ವಾರ ಭಾವ ಫೋನ್ ಮಾಡಿದ್ದರು. ಆಲ್ಟೋ ಕೊಟ್ಟು ಹುಬ್ಬಳ್ಳಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಎರ್ಟಿಗಾ ತಗೊಳ್ಳುತ್ತಿದ್ದಾರೆ. "ಹಳೆಯದಕ್ಕೆ ಬೇರೆಯವರಿಗಿಂತ 30 ಸಾವಿರ ಜಾಸ್ತಿ ಕೊಡ್ತಾನೆ ಭಾವ" ಅಂತ ಖುಷಿಯಲ್ಲಿದ್ದರು. ಆಲ್ಟೋ ಕೊಡದೆ ಬರೀ ಎರ್ಟಿಗಾಕ್ಕೆ ಎಷ್ಟಂತೆ ಅಂತ ಕೇಳಿದೆ. ಕೇಳಿಲ್ಲ. ಪರಿಚಯದವರ ಮೂಲಕ ಹೋದದ್ದು, ಹಾಗೆಲ್ಲ ಕೇಳಿದರೆ ತಪ್ಪು ತಿಳಿದುಕೊಳ್ಳುತ್ತಾರೆ ಅಂದರು.

ನನಗೆ ನೋವಾದದ್ದು ಈ ಮಾತಿನಿಂದ. ಇದೇ ಭಾವ ಸೊಸೈಟಿ ಅಂಗಳದಲ್ಲಿ ತಮ್ಮ ಚಾಲಿಗೆ ಐವತ್ತು ರೂಪಾಯಿ ಕಡಿಮೆ ಬಿದ್ದರೆ ಟೆಂಡರ್ ಒಪ್ಪದೆ ವಾಪಸ್ ಬರುವವರು. ನೂರು ವರ್ಷದಿಂದ ಬೆಲೆಯನ್ನು ಚೀಟಿಯಲ್ಲಿ ಬರೆಸಿಕೊಂಡ ಊರು ನಮ್ಮದು. ಅಷ್ಟು ಬುದ್ಧಿವಂತ ಜನ ಕಾರು, ಸೈಟು, ಬಂಗಾರ ಅಂದ ಕೂಡಲೇ ಪರಿಚಯ, ಮುಲಾಜು ಅಂತ ಬಾಯಿ ಮುಚ್ಚಿಕೊಳ್ಳುತ್ತೇವೆ. ಇಲ್ಲಿಯ ಅಂಗಡಿಯವನೂ ಆಟ ಆಡಿದ, ನಿಜ. ಆದರೆ ಆಟವನ್ನು ಹಾಳೆಯ ಮೇಲೆ ಆಡಿದ, ಹತ್ತು ವರ್ಷದ ಮಗುವಿಗೆ ಕಾಣುವ ಹಾಗೆ. ನಮ್ಮಲ್ಲಿ ಅದು ಚಹಾ ಲೋಟದ ಮೇಲೆ ಮಾತಿನಲ್ಲೇ ಮುಗಿಯುತ್ತದೆ.

ಇನ್ನೊಂದು, "ಬಿಲ್ ಬೇಡ, ಕ್ಯಾಶ್ ಆದರೆ ಇನ್ನೂ ಕಮ್ಮಿ" ಅಂತಲೂ ಆ ಹುಬ್ಬಳ್ಳಿ ಡೀಲರು ಭಾವನಿಗೆ ಹೇಳಿದ್ದನಂತೆ. ಬೇಡ ಅಂತ ಖಡಾಖಂಡಿತವಾಗಿ ಹೇಳಿದೆ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವ ಹಾಗೇ ಇಲ್ಲ. ಬಿಲ್ ಹಾಕಿದರೆ ತೆರಿಗೆ ವಿಪರೀತ ಅನ್ನುವುದೂ ಸುಮ್ನೆ ಮಾತು. ಹಳೆ ಕಾರು ಮಾರುವ ಡೀಲರು ಜಿಎಸ್‌ಟಿ ಕಟ್ಟುವುದು ತನ್ನ ಲಾಭದ ಮೇಲೆ, 2025ರಿಂದ ಅದು 18 ಪರ್ಸೆಂಟ್. ಐದು ಲಕ್ಷಕ್ಕೆ ಕೊಂಡು ಐದೂವರೆಗೆ ಮಾರಿದರೆ ಆ ಐವತ್ತು ಸಾವಿರದ ಮೇಲೆ 9,000. ಅಷ್ಟಕ್ಕೋಸ್ಕರ ಕೈಯಲ್ಲಿ ಒಂದು ಕಾಗದವೂ ಇಲ್ಲದೆ ಐದು ಲಕ್ಷದ ಗಾಡಿ ತರಬೇಕಾ?

ಕಾರವಾರದಲ್ಲಿರುವ ಚಿಕ್ಕಪ್ಪನ ಮಗ ಗೋವಾದ ಜಿಎ ನಂಬರಿನ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ಭಾವನಿಗೆ ಆಸೆ ಹುಟ್ಟಿಸಿದ್ದ. ಗಡಿಯ ಮಾಜಾಳಿ ದಾಟಿಸಿದರೆ ಆಗಲಿಲ್ಲ, ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿಯ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು, ನಂಬರ್ ಬದಲಿಸಬೇಕು. ಅದನ್ನೂ ಬೆಲೆಗೆ ಕೂಡಿಸಿ ನೋಡಲಿ.

ಡೀಲರು ಆಲ್ಟೋ ಜೊತೆಗೆ, ಗಾಡಿಯನ್ನು ಬೇರೆಯವರ ಹೆಸರಿಗೆ ಮಾಡುವ 29, 30ನೇ ನಮೂನೆಗೆ ಸಹಿ ಹಾಕಿ ಖಾಲಿ ಬಿಟ್ಟುಕೊಡಿ ಅಂತಲೂ ಕೇಳಿದ್ದನಂತೆ. ನಮ್ಮ ಕಡೆ ಎಲ್ಲರೂ ಹಾಗೇ ಕೊಡುತ್ತಾರೆ, ಗಾಡಿ ಯಾರ್ಯಾರ ಕೈ ದಾಟಿ ಎಲ್ಲಿ ಓಡುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ಕೇಳಿ ಫೋನಿನ ಆಚೆ ಸುಮ್ಮನಿದ್ದ ಅಕ್ಕ ನಡುವೆ ಬಂದು "ಅದೆಲ್ಲ ಎಂತಕ್ಕೆ ಬೇಕು, ಮೊದಲು ಬೆಲೆ ಬರೆಸಿಕೊಂಡು ಬರಲಿ" ಅಂದಳು.

ನಿನ್ನೆ ಭಾವನ ಮೆಸೇಜು ಬಂತು. ಎರಡೂ ಬೆಲೆ ಬೇರೆ ಬೇರೆ ಬರೆದು ಕಳಿಸಿ ಅಂದದ್ದಕ್ಕೆ ಡೀಲರು ಬೇಜಾರೇನೂ ಮಾಡಿಕೊಳ್ಳಲಿಲ್ಲವಂತೆ, ವಾಟ್ಸಾಪಿನಲ್ಲೇ ಕಳಿಸಿದ್ದಾನೆ. ಆಲ್ಟೋ ಕೊಡದಿದ್ದರೆ ಎರ್ಟಿಗಾಕ್ಕೆ 40 ಸಾವಿರ ಕಡಿಮೆ. ಆಲ್ಟೋವನ್ನು ಊರಿನ ಮೇಷ್ಟ್ರೊಬ್ಬರು ಕೇಳುತ್ತಿದ್ದಾರೆ, ಮುಂದಿನ ವಾರ ಇಬ್ಬರೂ ಶಿರಸಿ ಆರ್‌ಟಿಒಗೆ ಹೋಗುತ್ತಾರೆ. ಹೆಸರು ಬದಲಾಗುವವರೆಗೆ ಚಾವಿ ಕೊಡುವುದಿಲ್ಲ ಅಂತ ಅಕ್ಕ ಹೇಳಿದ್ದಾಳಂತೆ.