ಪರ್ಮಿಟ್ ಎರಡಿತ್ತು, ಸೀಟಿ ಒಂದೂ ಇರಲಿಲ್ಲ: ಒರೆಗಾನಿನ ಕ್ಲಿಯರ್ ಲೇಕ್‌ನಲ್ಲಿ ಕಯಾಕ್

ಕಯಾಕ್, ಅಂದರೆ ಹುಟ್ಟು ಹಾಕುವ ಕಿರುದೋಣಿ, ಕೊಂಡ ವಾರವೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹೆದರಿಸಿದ್ದರು. "ಒರೆಗಾನಿನಲ್ಲಿ ಬೋಟರ್ ಕಾರ್ಡ್ ಇಲ್ಲದೆ ನೀರಿಗಿಳಿಯೋ ಹಾಗಿಲ್ಲ, ಪರೀಕ್ಷೆ ಬರೀಬೇಕು" ಅಂತ. ನನ್ನ ಗಂಡ ಅದನ್ನು ನಂಬಿ ಎರಡು ರಾತ್ರಿ ಕೂತು ಆನ್‌ಲೈನ್ ಕೋರ್ಸ್ ಮುಗಿಸಿ, ದುಡ್ಡು ಕಟ್ಟಿ ಕಾರ್ಡ್ ತರಿಸಿಕೊಂಡರು. ಆ ಕಾರ್ಡ್ ಬೇಕಾಗಿರುವುದು 10 ಅಶ್ವಶಕ್ತಿಗಿಂತ ದೊಡ್ಡ ಮೋಟಾರ್ ಓಡಿಸುವವರಿಗೆ! ಹುಟ್ಟು ಹಾಕುವವರಿಗೆ ಪರೀಕ್ಷೆಯೂ ಇಲ್ಲ, ಕಾರ್ಡೂ ಇಲ್ಲ. ನಮ್ಮಂಥವರಿಗೆ ಅಂತಲೇ ದೋಣಿಗಳ ನಿಯಮ ನೋಡಿಕೊಳ್ಳುವ ರಾಜ್ಯದ ಮರೈನ್ ಬೋರ್ಡ್ ಪುಕ್ಕಟೆ ಪ್ಯಾಡ್ಲಿಂಗ್ ಕೋರ್ಸ್ ಇಟ್ಟಿದೆ. ಕಡ್ಡಾಯವಲ್ಲ, ಆದರೂ ನೋಡಿ. ತಣ್ಣೀರಿನ ಬಗ್ಗೆ ಹೇಳುವ ಭಾಗ ಒಂದಕ್ಕಾದರೂ ಕೂತು ನೋಡಬೇಕು.

ಕಡ್ಡಾಯ ಇರುವುದು ವಾಟರ್‌ವೇ ಆಕ್ಸೆಸ್ ಪರ್ಮಿಟ್, ಅಂದರೆ ದೋಣಿ ನೀರಿಗಿಳಿಸುವ ಪರವಾನಗಿ. 2020ರಿಂದ ಇದೆ. ನಾವು ಹೋದ 2024ರಲ್ಲಿ 10 ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಗೆ ಮಾತ್ರ ಬೇಕಿತ್ತು. 2026ರಿಂದ ಅಳತೆಯ ಲೆಕ್ಕ ಹೋಗಿದೆ, ಮೋಟಾರಿಲ್ಲದ ಚಿಕ್ಕ ದೋಣಿಗೂ ಬೇಕು. ಇದು ಕಾರಿನ ನಂಬರ್ ಪ್ಲೇಟ್ ಥರ ದೋಣಿಗೆ ಅಂಟಿಕೊಂಡಿರುವುದಲ್ಲ. ಇವತ್ತು ಒಂದು ದೋಣಿಗೆ, ನಾಳೆ ಇನ್ನೊಂದಕ್ಕೆ ಬಳಸಬಹುದು. ಒಂದು ದೋಣಿಗೆ ಒಂದು, ತಲೆಗೊಂದಲ್ಲ. ನಮ್ಮದು ಇಬ್ಬರು ಕೂರುವ, ಗಾಳಿ ತುಂಬುವ ಒಂದೇ ಕಯಾಕ್, ಹನ್ನೆರಡೂವರೆ ಅಡಿ. ಮಗಳದ್ದು ಎಂಟಡಿಯ ಪುಟ್ಟದು. ನಾವು ಕೊಂಡಿದ್ದು ಎರಡು ಪರ್ಮಿಟ್, ಗಂಡನ ಹೆಸರಿಗೊಂದು, ನನ್ನ ಹೆಸರಿಗೊಂದು. ಇಪ್ಪತ್ತು ಡಾಲರ್ ಆಸುಪಾಸು ನೀರಿಗೆ ಹೋಯ್ತು. ಹದಿಮೂರು ವರ್ಷದವರೆಗಿನ ಮಕ್ಕಳಿಗೆ ಪರ್ಮಿಟ್ಟೇ ಬೇಡ ಅನ್ನುವುದೂ ಆಮೇಲೆ ಗೊತ್ತಾಯಿತು.

ಅಷ್ಟೆಲ್ಲ ಕಾಗದ ಜೋಡಿಸಿಕೊಂಡು ಶನಿವಾರ ಬೆಳಿಗ್ಗೆ ಎಂಟಕ್ಕೆ ಕ್ಲಿಯರ್ ಲೇಕ್ ದಡದಲ್ಲಿ ಇದ್ದೆವು. ಗಂಡ ಪಂಪ್ ಹೊಡೆಯುತ್ತಿದ್ದರು. ಸಮವಸ್ತ್ರದ ಒಬ್ಬ ಡೆಪ್ಯುಟಿ (ಇಲ್ಲಿನ ಶೆರಿಫ್ ಕಚೇರಿಯ ಪೊಲೀಸ್) ಬಂದು ನಗುತ್ತಲೇ ಕೇಳಿದರು: ಲೈಫ್ ಜಾಕೆಟ್? ಇದೆ. ಮಗುವಿಗೆ ಹಾಕಿದ್ದೀರಾ? ಹಾಕಿದ್ದೇವೆ. (ಹನ್ನೆರಡು ವರ್ಷದವರೆಗೆ ಹಾಕಿಕೊಂಡೇ ಇರಬೇಕು, ದೊಡ್ಡವರದ್ದು ದೋಣಿಯಲ್ಲಿದ್ದರೆ ಸಾಕು.) ಪರ್ಮಿಟ್? ಅಲ್ಲಿ ಸಿಗ್ನಲ್ ಇರಲಿಲ್ಲ, ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಪುಣ್ಯಕ್ಕೆ ಕಾರಿನಲ್ಲಿ ಪ್ರಿಂಟ್ ಇತ್ತು, ಅದೂ ಎರಡು! ಇಲ್ಲದಿದ್ದರೆ 115 ಡಾಲರ್ ದಂಡ.

ಕೊನೆಗೆ ಕೇಳಿದರು, "ವಿಸಲ್?"

ನಾವು ಮುಖ ಮುಖ ನೋಡಿಕೊಂಡೆವು. ಗಂಡ ಎರಡು ಬೆರಳು ಬಾಯಿಗಿಟ್ಟು ಜಾತ್ರೆಯಲ್ಲಿ ಹೊಡೆಯುವ ಹಾಗೆ ಒಂದು ಸೀಟಿ ಹೊಡೆದರು. ಡೆಪ್ಯುಟಿ ಜೋರಾಗಿ ನಕ್ಕು, "ನೀರಿಗೆ ಬಿದ್ದು ಹಲ್ಲು ಕಟಕಟ ಅನ್ನುವಾಗ ಇದನ್ನೇ ಹೊಡೆದು ತೋರಿಸಿ" ಅಂದರು. ಕಯಾಕ್, ಕನೂ, ನಿಂತು ಹುಟ್ಟು ಹಾಕುವ ಹಲಗೆ, ಯಾವುದಾದರೂ ಸರಿ, ಸದ್ದು ಮಾಡುವ ಸಾಧನ ಇರಲೇಬೇಕಂತೆ. ದಂಡ ಹಾಕಲಿಲ್ಲ. ಜೇಬಿನಿಂದ ಕಿತ್ತಳೆ ಬಣ್ಣದ ಎರಡು ಪ್ಲಾಸ್ಟಿಕ್ ಸೀಟಿ ತೆಗೆದು ಕೊಟ್ಟರು. ಎಲ್ಲರಿಗೂ ಅಂಥವರೇ ಸಿಗುತ್ತಾರೆ ಅಂದುಕೊಳ್ಳಬೇಡಿ. ಒಂದೆರಡು ಡಾಲರಿನ ವಸ್ತು, ಜಾಕೆಟ್‌ನ ಜಿಪ್ಪಿಗೆ ಕಟ್ಟಿಬಿಡಿ.

ಆನೆಗೊಂದಿಯಲ್ಲಿ ಹರಿಗೋಲು ಹತ್ತಿದಾಗ ಯಾರೂ ಏನೂ ಕೇಳಿರಲಿಲ್ಲ ಅಂತ ಮನಸ್ಸಿನಲ್ಲೇ ಗೊಣಗಿಕೊಂಡೆ. ನೀರಿಗೆ ಕೈ ಇಟ್ಟ ಮೇಲೆ ಸುಮ್ಮನಾದೆ. ಜುಲೈ ತಿಂಗಳು, ಮೇಲೆ ಸುಡುಬಿಸಿಲು, ನೀರು ಮಾತ್ರ ಫ್ರಿಜ್ಜಿನಿಂದ ತೆಗೆದ ಹಾಗೆ. ಕೆಳಗೆ ಊಟೆ ಉಕ್ಕುತ್ತಲೇ ಇರುತ್ತೆ. ಮೆಕೆಂಜಿ ನದಿ ಇಲ್ಲಿಂದಲೇ ಹೊರಡುವುದು. ಸುಮಾರು 3,000 ವರ್ಷದ ಹಿಂದೆ ಲಾವಾ ಹರಿದು ಬಂದು ಅಡ್ಡ ಕಟ್ಟಿ ಕಾಡು ಮುಳುಗಿತಂತೆ. ಆ ಮರಗಳ ಬೊಡ್ಡೆಗಳು ಇವತ್ತಿಗೂ ತಳದಲ್ಲಿ ನಿಂತೇ ಇವೆ. ಚಳಿಗೆ ಕೊಳೆತಿಲ್ಲ. ನಮ್ಮ ದೋಣಿಯ ನೆರಳು ಅವುಗಳ ಮೇಲೆ ಹಾದುಹೋಗುವುದು ಕಾಣುತ್ತಿತ್ತು. ಮಗಳು ಹುಟ್ಟು ಹಾಕುವುದನ್ನೇ ನಿಲ್ಲಿಸಿಬಿಟ್ಟಳು. ಮೋಟಾರ್ ಬಿಡುವುದಿಲ್ಲ, ಹಾಗಾಗಿ ಸದ್ದಿಲ್ಲ. ದೋಣಿ ಇಲ್ಲದವರಿಗೆ ಅಲ್ಲೇ ಬಾಡಿಗೆಗೆ ಸಿಗುತ್ತೆ. ಹತ್ತೂವರೆ ಮೇಲೆ ಜನ ಬರಲು ಶುರು, ನಾನು ಹನ್ನೊಂದಕ್ಕೆ ದೋಣಿ ಎಳೆಸಿದೆ. ಗದ್ದಲ ನನಗೆ ಆಗಲ್ಲ. ಜನ ಕಿಕ್ಕಿರಿಯುವ ಟ್ರಿಲಿಯಂ ಲೇಕ್‌ಗೆ ಹೋಗದೆ ಇಲ್ಲಿಗೆ ಎರಡೂವರೆ ಗಂಟೆ ಕಾರು ಓಡಿಸಿದ್ದೂ ಅದಕ್ಕೇ.

ಕ್ಯಾಲಿಫೋರ್ನಿಯಾದಿಂದ ದೋಣಿ ಹೊತ್ತು ಬರುವವರು ಗಡಿ ಪಕ್ಕದ ಆಶ್‌ಲ್ಯಾಂಡ್ ಹತ್ತಿರ ತಪಾಸಣೆಗೆ ನಿಲ್ಲಲೇಬೇಕು, ಗಾಳಿ ತೆಗೆದು ಮಡಚಿದ್ದರೂ ನಿಲ್ಲಿ. ಅವರು ಹುಡುಕುವುದು ಉಗುರಿನಷ್ಟು ಚಿಪ್ಪುಹುಳ, ದೋಣಿಗೆ ಅಂಟಿಕೊಂಡು ಬಂದು ಕೆರೆ-ನದಿಯೆಲ್ಲ ತುಂಬಿಕೊಳ್ಳುವಂಥದ್ದು. 2023ರಲ್ಲಿ ಪಕ್ಕದ ಐಡಹೊದ ಸ್ನೇಕ್ ನದಿಯಲ್ಲಿ ಕ್ವಾಗಾ ಮಸ್ಸೆಲ್ ಅನ್ನುವ ಅಂಥದೇ ಚಿಪ್ಪುಹುಳ ಸಿಕ್ಕ ಮೇಲೆ ಎಲ್ಲರಿಗೂ ದಿಗಿಲು. ಪರ್ಮಿಟ್ ದುಡ್ಡಿನ ಒಂದು ಪಾಲು ಇದಕ್ಕೇ ಹೋಗುತ್ತೆ.

ರೂಮಿನ ಕಥೆ ಹೇಳದಿದ್ದರೇ ಒಳ್ಳೆಯದು. ಹೈವೇ ಪಕ್ಕದ ಮೋಟೆಲ್, 240 ಡಾಲರ್, ಕಿಟಕಿ ತೆರೆದರೆ ಐಸ್ ಮಷೀನ್. ರಾತ್ರಿಯಿಡೀ ದಡಬಡ. ಒದ್ದೆ ಕಯಾಕ್ ಒಣಗಿಸಲೂ ಜಾಗವಿಲ್ಲ. ಬೆಳಿಗ್ಗೆ ಬೇಗ ಎದ್ದು ಮನೆಯಿಂದಲೇ ಹೊರಡಿ.

ಆ ದುಡ್ಡಿನಲ್ಲಿ ಒಂದು ತಿಂಗಳು ಟ್ಯಾಕೊ ತಿನ್ನಬಹುದಿತ್ತು. ಸ್ಟೇಟನ್ ಊರು ದಾಟುವ ಮೊದಲು ರಸ್ತೆ ಬದಿ ಒಂದು ಗಾಡಿ, ಬೋರ್ಡು ಬಿಸಿಲಿಗೆ ಮಾಸಿಹೋಗಿದೆ. ಅಜ್ಜಿಯೊಬ್ಬರು ಮೆಕ್ಕೆಜೋಳದ ಹಿಟ್ಟನ್ನು ಎದುರಿಗೇ ತಟ್ಟುತ್ತಾರೆ, ನಮ್ಮ ರೊಟ್ಟಿ ಥರ ಅಂಗೈಯಿಂದ ಅಂಗೈಗೆ. ಬೀನ್ಸ್, ಸುಟ್ಟ ಮೆಣಸಿನಕಾಯಿ, ಹಿಂಡಿದ ನಿಂಬೆಹಣ್ಣು. ಹಸಿರು ಸಾಲ್ಸಾ ಅಂತೂ ನಮ್ಮ ಹಸಿಮೆಣಸಿನ ಚಟ್ನಿಯ ತಂಗಿಯೇ ಸರಿ, ಕಣ್ಣಲ್ಲಿ ನೀರು ಬಂದರೂ ಬಿಡಲಾಗದು. ಮೂರಕ್ಕೆ ಒಂಬತ್ತು ಡಾಲರ್. ಸಸ್ಯಾಹಾರಿಗಳು ಬೀನ್ಸಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಮೊದಲೇ ಕೇಳಿ, ಎಷ್ಟೋ ಕಡೆ ಹಾಕುತ್ತಾರೆ. ಈ ಅಜ್ಜಿ ಹಾಕಲ್ಲ. ಹೋಗುವಾಗಲೇ ತಿನ್ನಿ. ನಾವು ಭಾನುವಾರ ವಾಪಸ್ ಬರುತ್ತಾ ಮತ್ತೆ ನಿಲ್ಲಿಸಿದೆವು, ಗಾಡಿಗೆ ಬೀಗ ಹಾಕಿತ್ತು.